ಠಾಣೆಯ ಮೆಟ್ಟಿಲೇರದ ಅಪರಾಧಗಳು

ಭಾರತದ ಯಾವುದೇ ನಗರದ ಅಪರಾಧ ಪ್ರಮಾಣವೆಂದು ಪ್ರಕಟವಾಗುವ ಅಂಕಿ ಪೊಲೀಸರು ದಾಖಲಿಸಿಕೊಂಡ ಪ್ರಕರಣಗಳ ಅಂಕಿ. ಠಾಣೆಗಳಲ್ಲಿ ಬರೆದ ಎಫ್‌ಐಆರ್‌ಗಳ ಲೆಕ್ಕ ರಾಜ್ಯಕ್ಕೆ ಹೋಗಿ, ಅಲ್ಲಿಂದ 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಸೇರುತ್ತದೆ. ಬ್ಯೂರೊ ಅದನ್ನೆಲ್ಲ ಕೂಡಿಸಿ ‘ಕ್ರೈಮ್ ಇನ್ ಇಂಡಿಯಾ’ ಎಂಬ ವಾರ್ಷಿಕ ವರದಿಯಾಗಿ ಹೊರತರುತ್ತದೆ. 20 ಲಕ್ಷಕ್ಕಿಂತ ಹೆಚ್ಚು ಜನರಿರುವ 19 ಮಹಾನಗರಗಳ ದರ ಅದರಲ್ಲಿ ಪ್ರತ್ಯೇಕವಾಗಿ ಇರುತ್ತದೆ. 2022ರ ವರದಿಯಲ್ಲಿ ಲಕ್ಷ ಜನಕ್ಕೆ ದಾಖಲಾದ ಪ್ರಕರಣಗಳು ಕೋಲ್ಕತ್ತದಲ್ಲಿ 86.5, ಪುಣೆಯಲ್ಲಿ 280.7, ಹೈದರಾಬಾದಿನಲ್ಲಿ 299.2. 2023ರ ಡಿಸೆಂಬರ್‌ನಲ್ಲಿ ಈ ವರದಿ ಹೊರಬಿದ್ದಾಗ ಸುದ್ದಿಯಾದದ್ದು ಹೀಗೆ: ಕೋಲ್ಕತ್ತ ದೇಶದ ಅತಿ ಸುರಕ್ಷಿತ ಮಹಾನಗರ, ಅದರ ನಂತರ ಪುಣೆ.

ಆ ತೀರ್ಮಾನ ನಿಲ್ಲುವುದಿಲ್ಲ. 280.7 ಎಂಬುದು ಪುಣೆಯ ಠಾಣೆಗಳು ಬರೆದುಕೊಂಡ ಅಪರಾಧಗಳ ದರ. ಪುಣೆಯಲ್ಲಿ ನಡೆದ ಅಪರಾಧಗಳ ದರ ಎಷ್ಟೋ ಬೇರೆ ಇರಬಹುದು, ಮತ್ತು ಈ ಎರಡರ ನಡುವಿನ ಅಂತರ ಠಾಣೆಯ ದಾಖಲೆಗಳನ್ನು ಎಷ್ಟು ತಿರುವಿ ಹಾಕಿದರೂ ತಿಳಿಯದು. ಅದನ್ನು ತಿಳಿಯಬೇಕಾದರೆ ಮನೆಮನೆಗೆ ಹೋಗಿ ಜನರನ್ನೇ ಕೇಳಬೇಕು: ಕಳೆದ ಒಂದು ವರ್ಷದಲ್ಲಿ ನಿಮಗೆ ಏನಾಯಿತು, ಪೊಲೀಸರಿಗೆ ತಿಳಿಸಿದಿರಾ, ತಿಳಿಸದಿದ್ದರೆ ಏಕೆ, ತಿಳಿಸಿದ್ದರೆ ಅವರು ಬರೆದುಕೊಂಡರೇ. ಇದಕ್ಕೆ ಅಪರಾಧ ಸಂತ್ರಸ್ತರ ಸಮೀಕ್ಷೆ ಎಂದು ಹೆಸರು. ಆದರೆ ಆಡಳಿತಗಾರರಲ್ಲಿ, ಸುದ್ದಿಮನೆಗಳಲ್ಲಿ, ಓದಿದ ಮಧ್ಯಮವರ್ಗದಲ್ಲಿ ಬೇರೂರಿರುವ ನಂಬಿಕೆಯೇ ಬೇರೆ. ಎಫ್‌ಐಆರ್ ಗಟ್ಟಿ ಪುರಾವೆ, ಸಮೀಕ್ಷೆ ಬರೀ ಬಾಯಿಮಾತು ಎಂಬುದು ಆ ನಂಬಿಕೆ. ಅದು ತಲೆಕೆಳಗಾದ ನಂಬಿಕೆ. ಅದರ ಬೆಲೆ ತೆರುತ್ತಿರುವವರು ದೂರು ಕೊಡಲಾಗದ ಜನ.

ಒಂದು ಅಪರಾಧ ಬ್ಯೂರೊದ ಪಟ್ಟಿಯಲ್ಲಿ ಒಂದು ಅಂಕಿಯಾಗಬೇಕಾದರೆ ಹಲವು ಬಾಗಿಲು ದಾಟಬೇಕು. ಮೊದಲು, ಅನುಭವಿಸಿದವರಿಗೆ ಅದು ಅಪರಾಧ ಎನ್ನಿಸಬೇಕು. ಗಂಡ ಹೊಡೆದದ್ದನ್ನು ಸಂಸಾರದ ಮಾತು ಎಂದು ನುಂಗಿಕೊಂಡವಳ ಪ್ರಕರಣ ಅಲ್ಲಿಗೇ ಮುಗಿಯಿತು. ಆಮೇಲೆ ಠಾಣೆಗೆ ಹೋಗುವ ಧೈರ್ಯ ಬೇಕು, ಪುರುಸೊತ್ತು ಬೇಕು, ಹೋದರೆ ಏನಾದರೂ ಆದೀತೆಂಬ ಆಸೆ ಬೇಕು. ಹೋದಮೇಲೆ ಇದು ನಮ್ಮ ಹದ್ದಿನಲ್ಲಿ ಬರುವುದಿಲ್ಲ ಎಂಬ ಮಾತನ್ನು ದಾಟಬೇಕು. ಬರೀ ಅರ್ಜಿ ಕೊಟ್ಟು ಹೋಗಿ ಎಂದರೆ ಅದನ್ನೂ ದಾಟಬೇಕು. ಕಳ್ಳತನವನ್ನು ‘ಕಳೆದುಹೋಗಿದೆ’ ಎಂದು ಬರೆಸಿದರೆ ಅದು ಅಪರಾಧದ ಲೆಕ್ಕಕ್ಕೇ ಬರುವುದಿಲ್ಲ. ಪುಣೆ ಪೊಲೀಸರ ಜಾಲತಾಣದಲ್ಲಿ ಕಳೆದ ವಸ್ತುಗಳನ್ನು ನೋಂದಾಯಿಸಲು ಪ್ರತ್ಯೇಕ ಸೌಲಭ್ಯವಿದೆ. ಬೆಂಗಳೂರಿನಲ್ಲಿ ಅದೇ ಕೆಲಸಕ್ಕೆ ‘ಇ-ಲಾಸ್ಟ್’ ಆ್ಯಪ್ ಇದೆ. ಹೊಸ ಸಿಮ್ ಕಾರ್ಡು ಪಡೆಯಲು, ಗುರುತಿನ ಚೀಟಿಯ ನಕಲು ಮಾಡಿಸಲು ಇವು ನಿಜಕ್ಕೂ ಉಪಯುಕ್ತ. ಆದರೆ ಪುಣೆಯ ಸ್ವಾರಗೇಟಿನ ಬಸ್ಸಿನ ನೂಕುನುಗ್ಗಲಿನಲ್ಲಿ ಜೇಬಿನಿಂದ ಮೊಬೈಲು ಕಳುವಾದವನೂ ‘ಗಹಾಳ’ ಎಂಬ ಮರಾಠಿ ಕಾಲಂನಲ್ಲಿ ತನ್ನ ಹೆಸರು ತುಂಬಿ ರಸೀದಿ ಪಡೆದು ಹೊರಟರೆ, ಊರಿನಲ್ಲಿ ಒಂದು ಕಳ್ಳತನ ನಡೆದಿರುತ್ತದೆ, ಲೆಕ್ಕದಲ್ಲಿ ನಡೆದಿರುವುದಿಲ್ಲ.

ಇಷ್ಟು ದಾಟಿದ ಮೇಲೂ ಕಾನೂನಿನ ಜರಡಿಗಳಿವೆ. ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಸಂಜ್ಞೇಯ ಅಪರಾಧವಾದರೆ ಎನ್‌ಸಿ ಪುಸ್ತಕದಲ್ಲಿ ಒಂದು ಸಾಲು ಬರೆದು ಕಳಿಸುತ್ತಾರೆ, ಎಫ್‌ಐಆರ್ ಆಗುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಗಳಲ್ಲಿ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳ್ಳತನ, ಮೊದಲ ಸಲದ ಅಪರಾಧಿ ಮಾಲು ಹಿಂದಿರುಗಿಸಿದರೆ, ಅಸಂಜ್ಞೇಯ ವರ್ಗಕ್ಕೆ ಸೇರುತ್ತದೆ. ನಾಳೆ ಕಳ್ಳತನದ ಅಂಕಿ ಇಳಿದರೆ ಅದರಲ್ಲಿ ಕಳ್ಳರು ಕಡಿಮೆಯಾದದ್ದೆಷ್ಟು, ವ್ಯಾಖ್ಯೆ ಬದಲಾದದ್ದೆಷ್ಟು ಎಂದು ಠಾಣೆಯ ಅಂಕಿಯೊಂದರಿಂದಲೇ ಬಿಡಿಸಿ ಹೇಳಲು ಬಾರದು. ಇನ್ನು ಎಫ್‌ಐಆರ್ ಆದ ಮೇಲೆ ಪ್ರಧಾನ ಅಪರಾಧದ ನಿಯಮವಿದೆ. ಒಂದೇ ಪ್ರಕರಣದಲ್ಲಿ ಕೊಲೆ, ಅತ್ಯಾಚಾರ, ದರೋಡೆ ಮೂರೂ ಇದ್ದರೆ ಬ್ಯೂರೊ ಅತಿ ಘೋರವಾದ ಒಂದನ್ನು ಮಾತ್ರ ಎಣಿಸುತ್ತದೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್ 12ರಂದು ಹೇಳಿತು. ದೇಶದ ಅತ್ಯುನ್ನತ ನ್ಯಾಯಾಲಯ ಇದನ್ನು ಇಷ್ಟು ಬಿಡಿಸಿ ಹೇಳಬೇಕಾಗಿ ಬಂತೆಂಬುದೇ ಠಾಣೆಗಳಲ್ಲಿ ನಡೆಯುತ್ತಿದ್ದುದೇನು ಎಂಬುದಕ್ಕೆ ಸಾಕ್ಷಿ.

ದರದ ಲೆಕ್ಕದಲ್ಲಿ ಅಂಶದ ಗತಿ ಇದು. ಛೇದದ ಗತಿಯೂ ಅಷ್ಟೇನೂ ಚೆನ್ನಾಗಿಲ್ಲ. ಮಹಾನಗರಗಳ ದರವನ್ನು ಬ್ಯೂರೊ ಇಂದಿಗೂ 2011ರ ಜನಗಣತಿಯ ಸಂಖ್ಯೆಯಿಂದ ಭಾಗಿಸಿ ತೆಗೆಯುತ್ತದೆ. ಆ ಗಣತಿಯಲ್ಲಿ ಪುಣೆ ಪಾಲಿಕೆಯ ಜನಸಂಖ್ಯೆ ಸುಮಾರು 31 ಲಕ್ಷ, ಪಿಂಪ್ರಿ-ಚಿಂಚವಡದ್ದು ಸುಮಾರು 17 ಲಕ್ಷ, ಸುತ್ತಲಿನದೆಲ್ಲ ಸೇರಿ ನಗರ ಸಮೂಹ 50 ಲಕ್ಷದ ಆಸುಪಾಸು. ಆಮೇಲೆ 2017ರಲ್ಲಿ 11 ಹಳ್ಳಿಗಳು, 2021ರಲ್ಲಿ 23 ಹಳ್ಳಿಗಳು ಪುಣೆ ಪಾಲಿಕೆಗೆ ಸೇರಿದವು. 2018ರ ಆಗಸ್ಟ್ 15ರಂದು ಪಿಂಪ್ರಿ-ಚಿಂಚವಡಕ್ಕೆ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಆಯಿತು. ಪಾಲಿಕೆಯ ಗಡಿ ಒಂದು, ಪೊಲೀಸರ ಗಡಿ ಇನ್ನೊಂದು, ಜನಗಣತಿಯ ನಗರ ಮತ್ತೊಂದು. ಹನ್ನೊಂದು ವರ್ಷ ಹಳೆಯ ಛೇದದಿಂದ ಭಾಗಿಸಿ ಬಂದ ದರವನ್ನು ನೆಚ್ಚಿ ಹೈದರಾಬಾದಿಗಿಂತ ಪುಣೆ ಒಂದು ಮೆಟ್ಟಿಲು ಮೇಲೆ ಎನ್ನುವುದು ಗಣಿತಕ್ಕೂ ಜನರಿಗೂ ಮಾಡುವ ಅನ್ಯಾಯ. ದಾಖಲೆ ಏರಿದರೆ ಅಪರಾಧ ಏರಿತೆಂದು ತಿಳಿಯಬಾರದು, ಅವೆರಡೂ ಬೇರೆ ಎಂದು ಬ್ಯೂರೊ ತನ್ನ ವರದಿಯಲ್ಲೇ ಎಚ್ಚರಿಸಿದೆ. ಆ ಪುಟವನ್ನು ಯಾರೂ ಉಲ್ಲೇಖಿಸುವುದಿಲ್ಲ.

ಇಷ್ಟನ್ನು ಒಪ್ಪಿಕೊಂಡವರು ಸಾಮಾನ್ಯವಾಗಿ ಇನ್ನೊಂದು ನೆಲೆಗೆ ಸರಿಯುತ್ತಾರೆ. ಠಾಣೆಯ ಅಂಕಿ ನಿಜಕ್ಕಿಂತ ಕಡಿಮೆಯೇ ಇರಲಿ, ಪ್ರತಿವರ್ಷವೂ ಅಷ್ಟೇ ಕಡಿಮೆ ಇರುತ್ತದಲ್ಲ. ಏರಿಳಿತ ತಿಳಿಯಲು ಅಷ್ಟು ಸಾಕು ಎನ್ನುತ್ತಾರೆ. ಈ ವಾದಕ್ಕೆ ಹೆಚ್ಚುಕಡಿಮೆ ಇನ್ನೂರು ವರ್ಷ ವಯಸ್ಸು. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ ತಿಳಿದ ಅಪರಾಧಕ್ಕೂ ತಿಳಿಯದ ಅಪರಾಧಕ್ಕೂ ಇರುವ ಪ್ರಮಾಣ ಸ್ಥಿರವೆಂದು ಊಹಿಸಿಕೊಂಡೇ ತನ್ನ ಲೆಕ್ಕ ಕಟ್ಟಿದ್ದ. ಆತನಿಗೆ ಬೇರೆ ದಾರಿ ಇರಲಿಲ್ಲ. ಈಗಿನವರಿಗೆ ಆ ನೆಪವಿಲ್ಲ, ಏಕೆಂದರೆ ಆ ಊಹೆ ಸುಳ್ಳೆಂಬುದಕ್ಕೆ ಈ ದೇಶದಲ್ಲೇ ಪುರಾವೆ ಇದೆ. ದೆಹಲಿಯಲ್ಲಿ 2013ರಲ್ಲಿ ಭಾರತೀಯ ದಂಡ ಸಂಹಿತೆಯಡಿ ದಾಖಲಾದ ಪ್ರಕರಣಗಳು 80,184, 2014ರಲ್ಲಿ 1,55,654, 2015ರಲ್ಲಿ 1,91,377. ಒಂದೇ ವರ್ಷದಲ್ಲಿ ದೆಹಲಿಯ ಜನ ಎರಡರಷ್ಟು ದುಷ್ಟರಾಗಲಿಲ್ಲ. ಬಂದ ದೂರನ್ನೆಲ್ಲ ಬರೆದುಕೊಳ್ಳಿ ಎಂಬ ಆದೇಶ ಹೋಯಿತು, ವಾಹನ ಕಳವಿಗೆ ಆನ್‌ಲೈನ್ ಎಫ್‌ಐಆರ್ ಬಂತು, ಅಂಕಿ ಏರಿತು. ರಾಜಸ್ಥಾನದಲ್ಲಿ 2019ರಲ್ಲಿ, ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಕಚೇರಿಯಲ್ಲೇ ದಾಖಲಿಸುವ ವ್ಯವಸ್ಥೆ ಬಂದಾಗಲೂ ಹಾಗೆಯೇ ಆಯಿತು, ಮತ್ತು ಕಾನೂನು ಸುವ್ಯವಸ್ಥೆ ಕುಸಿಯಿತೆಂಬ ಟೀಕೆಯನ್ನು ಸರ್ಕಾರ ಎದುರಿಸಬೇಕಾಯಿತು.

ಚಾಲ್ತಿಯಲ್ಲಿರುವ ನಂಬಿಕೆ ಮಾಡುವ ದೊಡ್ಡ ಕೆಡುಕು ಇದೇ. ಎಫ್‌ಐಆರ್ ಸಂಖ್ಯೆಯಿಂದ ಸುರಕ್ಷತೆಯನ್ನು ಅಳೆಯುವ ಊರಿನಲ್ಲಿ ಪ್ರಾಮಾಣಿಕವಾಗಿ ದೂರು ಬರೆದುಕೊಳ್ಳುವ ಇನ್‌ಸ್ಪೆಕ್ಟರ್ ಕೆಟ್ಟ ಅಧಿಕಾರಿಯಾಗಿ ಕಾಣುತ್ತಾನೆ, ಬಂದವರನ್ನು ಸಾಗಹಾಕುವವನು ದಕ್ಷನಾಗಿ ಕಾಣುತ್ತಾನೆ. ಎಣಿಕೆಯೇ ಎಣಿಸುವವರನ್ನು ಸುಳ್ಳಿನ ಕಡೆಗೆ ನೂಕುತ್ತದೆ. ಕೇರಳದ ದರ ದೇಶದ ಸರಾಸರಿಗಿಂತ ಬಹಳ ಮೇಲಿದೆ, ಬಿಹಾರದ್ದು ಕೆಳಗಿದೆ. ಕೇರಳ ಬಿಟ್ಟು ಬಿಹಾರಕ್ಕೆ ಹೋದರೆ ನೆಮ್ಮದಿಯಿಂದ ಇರಬಹುದೆಂದು ಈ ಅಂಕಿ ನೋಡಿ ಯಾರೂ ಮನೆ ಬದಲಾಯಿಸಿದ್ದಿಲ್ಲ. ಜನರಿಗೆ ತಿಳಿದಿರುವ ಈ ಸತ್ಯ ಸುದ್ದಿಯ ತಲೆಬರಹಗಳಿಗೆ ಇನ್ನೂ ತಿಳಿದಿಲ್ಲ.

ಸರ್ಕಾರದ್ದೇ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟರೆ ಅಂತರದ ಅಗಾಧತೆ ಕಾಣುತ್ತದೆ. ಸೈಬರ್ ವಂಚನೆಗೆ ಒಳಗಾದವರು 1930 ಸಹಾಯವಾಣಿಗೆ ಕರೆ ಮಾಡಿಯೋ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೋ ದೂರು ಕೊಡಬಹುದು. 2023ರಲ್ಲಿ ಹಣಕಾಸು ವಂಚನೆಯ ದೂರುಗಳೇ 11,28,265. ಕಳೆದುಕೊಂಡ ಹಣ 7,488 ಕೋಟಿ ರೂಪಾಯಿಗೂ ಮೇಲೆ. ಅದೇ ವರ್ಷ ಬ್ಯೂರೊದ ವರದಿಯಲ್ಲಿ ಎಲ್ಲ ಬಗೆಯ ಸೈಬರ್ ಅಪರಾಧಗಳೂ ಸೇರಿ ಪ್ರಕರಣಗಳು 86,420. ಒಂದು ಎಫ್‌ಐಆರ್‌ನಲ್ಲಿ ಹಲವರ ದೂರು ಸೇರಿರಬಹುದು ಎಂದು ವಿನಾಯಿತಿ ಕೊಟ್ಟರೂ, ಬಂದ ದೂರುಗಳ ಬಹುಪಾಲು ಅಪರಾಧದ ಅಧಿಕೃತ ಲೆಕ್ಕದಿಂದ ಹೊರಗುಳಿದಂತಾಯಿತು. ಇವರಾರೂ ಹೆದರಿ ಮನೆಯಲ್ಲಿ ಕುಳಿತವರಲ್ಲ. ಸರ್ಕಾರದ ಬಾಗಿಲಿಗೆ ಬಂದು, ಖಾತೆ ಸಂಖ್ಯೆ ಸಮೇತ ದೂರು ಬರೆಸಿದವರು. ಐಟಿ ಕಂಪನಿಗಳಿಂದಲೂ ನಿವೃತ್ತರ ಉಳಿತಾಯದಿಂದಲೂ ತುಂಬಿರುವ ಪುಣೆಯಂಥ ಊರಿಗೆ ಈ ಅಪರಾಧ ಇತರೆಲ್ಲಕ್ಕಿಂತ ಹತ್ತಿರದ್ದು. ಸುರಕ್ಷಿತ ನಗರದ ಪಟ್ಟಿಯಲ್ಲಿ ಅದರ ಬಹುಪಾಲು ಇಲ್ಲವೇ ಇಲ್ಲ.

ಜನರನ್ನೇ ಕೇಳುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಅಮೆರಿಕದಲ್ಲಿ 1966ರಲ್ಲಿ ಹತ್ತು ಸಾವಿರ ಮನೆಗಳ ಸಮೀಕ್ಷೆ ನಡೆಸಿದಾಗ ಪೊಲೀಸ್ ದಾಖಲೆಗಿಂತ ಬಹಳ ಹೆಚ್ಚು ಅಪರಾಧ ಬೆಳಕಿಗೆ ಬಂತು. 1972ರಿಂದ ಅಲ್ಲಿ ರಾಷ್ಟ್ರೀಯ ಸಮೀಕ್ಷೆ ಎಡೆಬಿಡದೆ ನಡೆಯುತ್ತಿದೆ. ಬ್ರಿಟನ್ನಿನಲ್ಲಿ ಮೊದಲ ಸಮೀಕ್ಷೆ 1982ರಲ್ಲಿ. ಅಲ್ಲಿನ ಅನುಭವ ಪುಣೆಯ ಪೊಲೀಸರೂ ಗಮನಿಸಬೇಕಾದದ್ದು. 1995ರ ನಂತರ ಅಪರಾಧ ಇಳಿಯುತ್ತಿದೆ ಎಂದು ಸಮೀಕ್ಷೆ ತೋರಿಸುತ್ತ ಬಂತು. 2002ರಲ್ಲಿ ದಾಖಲಾತಿಯ ನಿಯಮ ಬಿಗಿಯಾದಾಗ ಪೊಲೀಸ್ ಅಂಕಿ ಮಾತ್ರ ಏರಿತು. ಸಮೀಕ್ಷೆ ಇಲ್ಲದಿದ್ದರೆ ಆ ಏರಿಕೆಯನ್ನು ಪೊಲೀಸರ ಸೋಲೆಂದೇ ಜನ ಓದುತ್ತಿದ್ದರು. 2014ರಲ್ಲಿ ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರ ಪೊಲೀಸ್ ದಾಖಲೆಯ ಅಪರಾಧ ಸಂಖ್ಯೆಗೆ ಕೊಟ್ಟಿದ್ದ ರಾಷ್ಟ್ರೀಯ ಅಂಕಿಅಂಶದ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಅದೇ ವರ್ಷ ಅಲ್ಲಿನ ಪೊಲೀಸ್ ತನಿಖಾ ಸಂಸ್ಥೆ, ಠಾಣೆಗೆ ಬಂದು ತಿಳಿಸಿದ ಅಪರಾಧಗಳಲ್ಲೂ ಐದರಲ್ಲಿ ಒಂದು ದಾಖಲಾಗುತ್ತಿಲ್ಲ ಎಂದು ಕಂಡುಕೊಂಡಿತು.

ಭಾರತದಲ್ಲೂ ಬಿಡಿ ಪ್ರಯತ್ನಗಳು ನಡೆದಿವೆ. ಅಂತರರಾಷ್ಟ್ರೀಯ ಅಪರಾಧ ಸಂತ್ರಸ್ತರ ಸಮೀಕ್ಷೆಯಲ್ಲಿ ಮುಂಬಯಿ 1992ರಲ್ಲೇ ಸೇರಿತ್ತು. ಕಾಮನ್‌ವೆಲ್ತ್ ಮಾನವ ಹಕ್ಕುಗಳ ಸಂಸ್ಥೆ ದೆಹಲಿ ಮತ್ತು ಮುಂಬಯಿಯಲ್ಲಿ ನಡೆಸಿದ ಸಮೀಕ್ಷೆ 2015ರಲ್ಲಿ ಹೊರಬಂತು. ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ದೆಹಲಿ, ಮುಂಬಯಿ, ಚೆನ್ನೈ, ಬೆಂಗಳೂರುಗಳ 20,000ಕ್ಕೂ ಹೆಚ್ಚು ಮನೆಗಳನ್ನು ಮಾತನಾಡಿಸಿ 2017ರಲ್ಲಿ ವರದಿ ಕೊಟ್ಟಿತು. ಕಳ್ಳತನಕ್ಕೊಳಗಾದವರಲ್ಲಿ ಎಫ್‌ಐಆರ್‌ವರೆಗೆ ಹೋದವರು ಈ ನಾಲ್ಕೂ ನಗರಗಳಲ್ಲಿ ಶೇ 6ರಿಂದ 8 ಮಾತ್ರ. ಬೆಂಗಳೂರಿನಂಥ ಊರಿನಲ್ಲಿ ನೂರು ಕಳ್ಳತನಕ್ಕೆ ತೊಂಬತ್ತಕ್ಕೂ ಹೆಚ್ಚು ಎಫ್‌ಐಆರ್ ಕಾಣದೆ ಹೋದರೆ, ಅಂಥದೇ ಠಾಣೆ, ಅಂಥದೇ ಕಾನೂನು, ಅಂಥವೇ ಅಂಜಿಕೆಗಳಿರುವ ಪುಣೆಯಲ್ಲಿ ಬೇರೆ ರೀತಿ ಇದ್ದೀತೆಂದು ನಂಬಲು ಯಾವ ಆಧಾರವೂ ಇಲ್ಲ. ಆದರೆ ಈ ಮೂರು ಸಮೀಕ್ಷೆಗಳಲ್ಲೂ ಪುಣೆ ಇಲ್ಲ.

ಸಮೀಕ್ಷೆಯ ಮೇಲಿನ ಮೊದಲ ಆಕ್ಷೇಪ: ಕೇಳಿದರೆ ಜನ ಉತ್ಪ್ರೇಕ್ಷೆ ಮಾಡುತ್ತಾರೆ. ಇದು ಪರೀಕ್ಷೆಗೆ ಒಳಗಾಗಿರುವ ಮಾತು. 1971ರಲ್ಲಿ ಅಮೆರಿಕದ ಸ್ಯಾನ್ ಹೊಸೆ ನಗರದಲ್ಲಿ, ಪೊಲೀಸ್ ದಾಖಲೆಯಲ್ಲಿ ಹೆಸರಿದ್ದ ಸಂತ್ರಸ್ತರನ್ನೇ ಆರಿಸಿ, ಆ ವಿಷಯ ಹೇಳದೆ ಪ್ರಶ್ನೆ ಕೇಳಿದರು. ಮನೆಗಳ್ಳತನವನ್ನು ಬಹುತೇಕ ಎಲ್ಲರೂ ಹೇಳಿದರು. ಹಲ್ಲೆಗೊಳಗಾದವರಲ್ಲಿ ಅರ್ಧದಷ್ಟು ಮಂದಿಯೂ ಅದನ್ನು ಎತ್ತಲಿಲ್ಲ, ಹೊಡೆದವರು ಬಂಧುಗಳೇ ಆಗಿದ್ದಾಗ ಹೇಳಿದವರು ಇನ್ನೂ ವಿರಳ. ಅಂದರೆ, ಪೊಲೀಸರಲ್ಲಿ ದೂರು ಬರೆಸಿದವರು ಕೂಡ ಸಮೀಕ್ಷಕರ ಮುಂದೆ ಮುಚ್ಚಿಟ್ಟರು. ಕೆಲವರು ಹಿಂದಿನ ವರ್ಷದ ಘಟನೆಯನ್ನು ಈ ವರ್ಷದ್ದೆಂದು ಹೇಳುವುದೂ ನಿಜ. ಅದಕ್ಕಾಗಿಯೇ ಅಮೆರಿಕದ ಸಮೀಕ್ಷೆ ಒಂದೇ ಮನೆಗೆ ಆರು ತಿಂಗಳಿಗೊಮ್ಮೆ ಹೋಗಿ, ಹಿಂದಿನ ಭೇಟಿಯನ್ನೇ ಗಡಿಯಾಗಿ ಇಟ್ಟುಕೊಂಡು ಕೇಳುತ್ತದೆ. ಎಲ್ಲ ದೋಷಗಳನ್ನು ಕೂಡಿಸಿ ಕಳೆದು ನೋಡಿದರೂ ಸಮೀಕ್ಷೆಯ ಅಂಕಿ, ವಿಶೇಷವಾಗಿ ಮನೆಯೊಳಗಿನ ಹಿಂಸೆಯಲ್ಲಿ, ನಿಜಕ್ಕಿಂತ ಕಡಿಮೆ ಇರುವ ಸಂಭವವೇ ಹೆಚ್ಚು.

ಎರಡನೆಯ ಆಕ್ಷೇಪ ಮಾದರಿಯ ಗಾತ್ರದ್ದು. 2025ರ ಆಗಸ್ಟ್‌ನಲ್ಲಿ ‘ನಾರಿ’ ಎಂಬ ಮಹಿಳಾ ಸುರಕ್ಷತಾ ಸೂಚ್ಯಂಕ ಬಿಡುಗಡೆಯಾಯಿತು. ಖಾಸಗಿ ಸಂಸ್ಥೆಯೊಂದು 31 ನಗರಗಳ 12,770 ಮಹಿಳೆಯರನ್ನು ಕೇಳಿ ಮಾಡಿದ್ದು. ಬ್ಯೂರೊದ ಲೆಕ್ಕದಲ್ಲಿ ಅತಿ ಸುರಕ್ಷಿತವಾದ ಕೋಲ್ಕತ್ತ ಈ ಪಟ್ಟಿಯಲ್ಲಿ ಕೊನೆಯ ಸಾಲಿನಲ್ಲಿತ್ತು. ಕೆಳಗಿನ ಸ್ಥಾನ ಪಡೆದ ಡೆಹ್ರಾಡೂನ್‌ನ ಪೊಲೀಸರು, ಲಕ್ಷಾಂತರ ಹೆಂಗಸರಿರುವ ಊರಿನಲ್ಲಿ ಸುಮಾರು 400 ಜನರನ್ನು ಕೇಳಿದರೆ ಏನು ತಿಳಿದೀತು ಎಂದು ತಳ್ಳಿಹಾಕಿದರು. ಈ ಟೀಕೆಯಲ್ಲಿ ಒಂದು ತಪ್ಪೂ ಒಂದು ಸತ್ಯವೂ ಬೆರೆತಿವೆ. ಅನ್ನದ ಒಂದು ಅಗುಳು ಹಿಸುಕಿ ಬೆಂದಿದೆಯೇ ಎಂದು ನೋಡುವಾಗ ಪಾತ್ರೆ ದೊಡ್ಡದೋ ಸಣ್ಣದೋ ಮುಖ್ಯವಾಗುವುದಿಲ್ಲ. ಮಾದರಿಯ ನಿಖರತೆಯೂ ಹಾಗೆಯೇ ಒಟ್ಟು ಜನಸಂಖ್ಯೆಯ ಎಷ್ಟನೆಯ ಪಾಲು ಎಂಬುದನ್ನು ಅವಲಂಬಿಸಿಲ್ಲ, ಎಷ್ಟು ಜನರನ್ನು ಹೇಗೆ ಆರಿಸಿದರು ಎಂಬುದನ್ನು ಅವಲಂಬಿಸಿದೆ. ಶೇ 7ರಷ್ಟು ಮಹಿಳೆಯರು ಕಿರುಕುಳ ಅನುಭವಿಸಿದ್ದಾರೆ ಎಂದು 400 ಜನರ ಸರಿಯಾದ ಮಾದರಿಯಿಂದ ತಿಳಿದರೆ, ನಿಜವಾದ ಪ್ರಮಾಣ ಸುಮಾರು ಶೇ 4.5ರಿಂದ 9.5ರೊಳಗೆ ಇರುತ್ತದೆ. ಇದು ಅಜ್ಞಾನವಲ್ಲ. ಆದರೆ ಎರಡು ಊರುಗಳನ್ನು ಒಂದರ ಕೆಳಗೊಂದು ಇಡಲು ಈ ಅಂತರ ತೀರ ಅಗಲ. ದೂರವಾಣಿಯಲ್ಲಿ ಕೇಳಿದಾಗ ಯಾರ ಕೈಯಲ್ಲಿ ಫೋನಿದೆಯೋ, ಪಕ್ಕದಲ್ಲಿ ಯಾರು ಕುಳಿತಿದ್ದಾರೋ ಎಂಬ ಪ್ರಶ್ನೆಯೂ ಇದೆ. ಆದ್ದರಿಂದ ನಾರಿಯ ಕ್ರಮಾಂಕವನ್ನು ಒಪ್ಪಬೇಕಿಲ್ಲ. ಕ್ರಮಾಂಕದ ಚಟವೇ ಬ್ಯೂರೊದ ವರದಿಯನ್ನೂ ಹಾಳುಮಾಡಿರುವುದು. ಆದರೆ ಕಿರುಕುಳ ಅನುಭವಿಸಿದ ಮೂವರಲ್ಲಿ ಇಬ್ಬರು ದೂರು ಕೊಡಲಿಲ್ಲ ಎಂಬ ಅದರ ಒಟ್ಟಾರೆ ಫಲಿತಾಂಶಕ್ಕೆ ‘400 ಜನ’ ಎಂಬುದು ಉತ್ತರವಾಗುವುದಿಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು, ಮತ್ತು ಅದು ಕರ್ನಾಟಕದಿಂದ ಬರುತ್ತದೆ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಗಂಡನಿಂದಾಗುವ ಹಿಂಸೆಯ ಬಗ್ಗೆ 18ರಿಂದ 49 ವಯಸ್ಸಿನ ವಿವಾಹಿತೆಯರನ್ನು ಕೇಳುತ್ತದೆ. 2015–16ರ ಸುತ್ತಿನಲ್ಲಿ ಕರ್ನಾಟಕದಲ್ಲಿ ಹಿಂಸೆ ಅನುಭವಿಸಿದ್ದಾಗಿ ಹೇಳಿದವರು ಶೇ 20.6. ಮುಂದಿನ ಸುತ್ತಿನಲ್ಲಿ ಶೇ 44.4, ದೇಶದಲ್ಲೇ ಅತಿ ಹೆಚ್ಚು. ಮಹಾರಾಷ್ಟ್ರದಲ್ಲಿ ಅದೇ ಅವಧಿಯಲ್ಲಿ 21.3ರಿಂದ 25.2ಕ್ಕೆ ಏರಿತು. ಕರ್ನಾಟಕದ ಎರಡನೆಯ ಕ್ಷೇತ್ರಕಾರ್ಯ ನಡೆದದ್ದು 2019ರಲ್ಲಿ, ಕೋವಿಡ್‌ಗೆ ಮೊದಲು. ಆದ್ದರಿಂದ ಲಾಕ್‌ಡೌನ್ ಕಾರಣವೆನ್ನುವಂತಿಲ್ಲ. ನಾಲ್ಕು ವರ್ಷದಲ್ಲಿ ಗಂಡಂದಿರ ಹಿಂಸೆ ಎರಡು ಪಟ್ಟಿಗಿಂತ ಹೆಚ್ಚಾಯಿತೆಂದು ನಂಬುವುದು ಕಷ್ಟ. ಪ್ರಶ್ನೆ ಕೇಳಿದ ರೀತಿ, ಕೇಳಿದ ಹೆಂಗಸರ ತರಬೇತಿ, ಏಕಾಂತ ಸಿಕ್ಕಿತೇ ಎಂಬುದು ಈ ಎರಡರಲ್ಲಿ ಒಂದನ್ನಾದರೂ ಬಲವಾಗಿ ಬಾಗಿಸಿರಬೇಕು. ಹಾಗಾದರೆ ಸಮೀಕ್ಷೆಯನ್ನು ಏಕೆ ನಂಬಬೇಕು?

ನಂಬಬೇಕಾದದ್ದು ಅದರ ದೋಷ ಬಯಲಿನಲ್ಲಿ ಇರುವುದರಿಂದ. ಈ ಸಮೀಕ್ಷೆಯ ಪ್ರಶ್ನಾವಳಿ ಪ್ರಕಟವಾಗಿದೆ. ‘ನಿಮ್ಮ ಮೇಲೆ ದೌರ್ಜನ್ಯವಾಗಿದೆಯೇ’ ಎಂದು ಅದು ಕೇಳುವುದಿಲ್ಲ. ಕೆನ್ನೆಗೆ ಹೊಡೆದರೇ, ಕೈ ತಿರುಚಿದರೇ, ಕೂದಲು ಹಿಡಿದು ಎಳೆದರೇ ಎಂದು ಒಂದೊಂದನ್ನೇ ಕೇಳುತ್ತದೆ. ಒಂದು ಮನೆಯಲ್ಲಿ ಒಬ್ಬಳನ್ನು ಮಾತ್ರ, ಏಕಾಂತ ಇದ್ದರೆ ಮಾತ್ರ ಕೇಳಬೇಕೆಂಬ ನಿಯಮವಿದೆ. ಬಿಡಿ ದತ್ತಾಂಶವನ್ನು ಯಾವ ಸಂಶೋಧಕರು ಬೇಕಾದರೂ ಪಡೆದು ಲೆಕ್ಕವನ್ನು ಮತ್ತೆ ಮಾಡಬಹುದು. 20.6 ಮತ್ತು 44.4 ಎಂಬ ಅನುಮಾನಾಸ್ಪದ ಜೋಡಿ ಎಲ್ಲರ ಕಣ್ಣಿಗೆ ಬಿದ್ದದ್ದೇ ಹಾಗೆ. ಠಾಣೆಯ ಪುಸ್ತಕದಲ್ಲಿ ಇಂಥ ದೋಷ ಹುಡುಕಲು ಬಾಗಿಲೇ ಇಲ್ಲ: ತಿರುಗಿ ಕಳಿಸಿದವರ ಪಟ್ಟಿಯನ್ನು ಯಾರೂ ಇಟ್ಟಿರುವುದಿಲ್ಲ. ಇನ್ನೂ ಒಂದು ಮಾತು. ಕರ್ನಾಟಕದ ಕಡಿಮೆ ಅಂಕಿಯನ್ನೇ ನಿಜವೆಂದು ಹಿಡಿದರೂ ಐವರು ವಿವಾಹಿತೆಯರಲ್ಲಿ ಒಬ್ಬಳು ಏಟು ತಿಂದವಳು. ಇಡೀ ದೇಶದಲ್ಲಿ 2022ರಲ್ಲಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಪ್ರಕರಣಗಳೆಂದು ದಾಖಲಾದದ್ದು 1,40,019. ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಯಾರಿಂದಲಾದರೂ ಸಹಾಯ ಕೇಳಿದವರು ಶೇ 14 ಎಂದು ಅದೇ ಸಮೀಕ್ಷೆ ಹೇಳುತ್ತದೆ, ಅದರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ. ಯಾರಿಗೂ ಹೇಳದೆ ಉಳಿದವರ ಸಂಖ್ಯೆಯನ್ನು ಜಗತ್ತಿಗೆ ತಿಳಿಸಿದ್ದು ಈ ‘ಬಾಯಿಮಾತು’. ಗಟ್ಟಿ ಪುರಾವೆಗೆ ಅವರು ಇದ್ದಾರೆಂದೇ ಗೊತ್ತಿರಲಿಲ್ಲ.

ಸಮೀಕ್ಷೆಗೆ ನಿಲುಕದ್ದೂ ಇದೆ. ಕೊಲೆಯಾದವರನ್ನು ಕೇಳಲಾಗದು, ಕೊಲೆಯ ಲೆಕ್ಕಕ್ಕೆ ಪೊಲೀಸ್ ದಾಖಲೆಯೇ ಆಧಾರ. ಮಾದಕವಸ್ತು, ಲಂಚ, ಜೂಜುಗಳಲ್ಲಿ ದೂರುದಾರರೇ ಇರುವುದಿಲ್ಲ. ಮಕ್ಕಳ ಮೇಲಿನ ಅಪರಾಧವನ್ನು ಮನೆಬಾಗಿಲಲ್ಲಿ ಕೇಳುವುದು ಅಪಾಯಕಾರಿ. ವಾಹನ ಕಳವಿನಲ್ಲಿ ಮಾತ್ರ ಎರಡೂ ಲೆಕ್ಕ ಹತ್ತಿರ ಬರುತ್ತವೆ, ಏಕೆಂದರೆ ಎಫ್‌ಐಆರ್ ಇಲ್ಲದೆ ವಿಮೆ ಬರದು. ದ್ವಿಚಕ್ರ ವಾಹನಗಳ ಊರಾದ ಪುಣೆಯಲ್ಲಿ ಇದೊಂದು ಅನುಕೂಲ: ಸಮೀಕ್ಷೆಯ ವಾಹನ ಕಳವಿನ ಅಂದಾಜು ಪೊಲೀಸ್ ಸಂಖ್ಯೆಯ ಸಮೀಪಕ್ಕೆ ಬಂದರೆ ಸಮೀಕ್ಷೆಯ ಉಳಿದ ಅಂಕಿಗಳ ಮೇಲೂ ಭರವಸೆ ಇಡಬಹುದು.

ಖರ್ಚು ಹೆಚ್ಚೆಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಕಿಲ್ಲ. ನಿರುದ್ಯೋಗವನ್ನು ಉದ್ಯೋಗ ವಿನಿಮಯ ಕಚೇರಿಯ ಪಟ್ಟಿಯಿಂದ ಈ ದೇಶ ಅಳೆಯುವುದಿಲ್ಲ. ಮನೆಮನೆಗೆ ಹೋಗಿ ಕೇಳುತ್ತದೆ. ಬಡತನವನ್ನೂ ಹಾಗೆಯೇ ಅಳೆದದ್ದು. ಅದರ ಪಾಠ ಕಲಿಸಿದ್ದರಲ್ಲಿ ಪುಣೆಗೆ ದೊಡ್ಡ ಪಾಲಿದೆ. 1930ರಲ್ಲಿ ಆರಂಭವಾದ ಗೋಖಲೆ ಇನ್‌ಸ್ಟಿಟ್ಯೂಟ್‌ನಲ್ಲಿ ಡಿ.ಆರ್. ಗಾಡ್ಗೀಳರು ಆ ದಶಕದಲ್ಲೇ ಪುಣೆಯ ಮನೆಗಳ ಮಾದರಿ ಸಮೀಕ್ಷೆ ನಡೆಸಿದರು. ಅದರ ಮೊದಲ ಸಂಪುಟ 1945ರಲ್ಲಿ ಬಂತು. ಎನ್.ವಿ. ಸೊವನಿ ಮತ್ತು ಸಹೋದ್ಯೋಗಿಗಳು ಅದೇ ನಗರವನ್ನು ಮತ್ತೆ ಅಳೆದು 1956ರಲ್ಲಿ ಪ್ರಕಟಿಸಿದರು. ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ಭಾರತದ ಬಡತನದ ಲೆಕ್ಕ ತೆಗೆದದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆಖರ್ಚಿನ ಅಂಕಿಗಳಿಂದ. ಜನ ಎಷ್ಟು ತಿನ್ನುತ್ತಾರೆಂದು ಜನರನ್ನೇ ಕೇಳಿ ತಿಳಿದ ಊರು, ಜನರಿಗೆ ಏನಾಯಿತೆಂದು ಕೇಳಲು ಹಿಂಜರಿಯುವುದಕ್ಕೆ ವಿದ್ಯೆಯ ಕೊರತೆ ಕಾರಣವಲ್ಲ.

ಪುಣೆಗೆ ಬೇಕಾದದ್ದು ಪ್ರತಿವರ್ಷ ನಡೆಯುವ ಸಮೀಕ್ಷೆ, ಪೊಲೀಸ್ ಇಲಾಖೆಯ ಹೊರಗಿನ ಸಂಸ್ಥೆಯಿಂದ. ಎರಡೂ ಕಮಿಷನರೇಟ್‌ಗಳನ್ನು ಒಳಗೊಂಡು, ಆರು ಸಾವಿರ ಮನೆಗಳಷ್ಟಾದರೂ ಇರಬೇಕು. ಅಷ್ಟಿದ್ದರೆ ಶೇ 2ರಷ್ಟು ಮನೆಗಳಿಗೆ ತಟ್ಟುವ ಮನೆಗಳ್ಳತನದಂಥ ವಿರಳ ಅಪರಾಧವನ್ನೂ ಅರ್ಧ ಶೇಕಡಕ್ಕಿಂತ ಕಡಿಮೆ ತಪ್ಪಿನೊಳಗೆ ಹಿಡಿಯಬಹುದು. ಕೊಯತಾ ಎಂಬ ಮಚ್ಚು ಹಿಡಿದು ಬೀದಿಯಲ್ಲಿ ಓಡಾಡುವ ಗ್ಯಾಂಗುಗಳ ಭಯ ಕೆಲವು ವರ್ಷಗಳಿಂದ ಪುಣೆಯ ಉಪನಗರಗಳಲ್ಲಿ ದಟ್ಟವಾಗಿದೆ. ಎಷ್ಟು ಮನೆಗಳಿಗೆ ಅದು ನಿಜವಾಗಿ ತಟ್ಟಿದೆ, ಎಷ್ಟು ಮನೆಗಳಲ್ಲಿ ಅದು ವಿಡಿಯೊ ನೋಡಿ ಹುಟ್ಟಿದ ಅಂಜಿಕೆ ಎಂದು ಬೇರ್ಪಡಿಸಬಲ್ಲ ಸಾಧನ ಇದೊಂದೇ. ಹಿಂಸೆಗೊಳಗಾದ ಹೆಣ್ಣುಮಕ್ಕಳ ಭಾಗವನ್ನು ತರಬೇತಿ ಪಡೆದ ಹೆಂಗಸರೇ ಕೇಳಬೇಕು, ಮನೆಯವರೆಲ್ಲ ಕುಳಿತಿರುವಾಗ ಕೇಳಲೇಬಾರದು.

ಮನೆಗಳ ಪಟ್ಟಿಯಿಂದ ಮಾದರಿ ಆರಿಸಿದರೆ ಪಟ್ಟಿಯಲ್ಲಿ ಇಲ್ಲದವರು ಬಿಟ್ಟುಹೋಗುತ್ತಾರೆ. ವಾಘೋಲಿ, ಹಿಂಜವಡಿ, ಹಡಪಸರದ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಲ್ಲಿ ಇರುವ ಕಾರ್ಮಿಕರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಕನ್ನಡಿಗರು ಬಹಳ. ಕೂಲಿ ತಪ್ಪಿಸಿ ಓಡಿಹೋದ ಗುತ್ತಿಗೆದಾರ, ಶೆಡ್ಡಿನಿಂದ ಕದ್ದ ಮೊಬೈಲು, ರಾತ್ರಿ ಹೆಂಗಸರ ಮೇಲೆ ನಡೆಯುವ ಕಿರುಕುಳ ಇವರ ಪಾಲಿನವು. ಠಾಣೆಯ ಭಾಷೆ ಮರಾಠಿ, ಠಾಣೆಗೆ ಹೋದ ದಿನದ ಕೂಲಿ ಇಲ್ಲ, ಕೆಲಸ ಮುಗಿದರೆ ಶೆಡ್ಡು ಬೇರೆ ಊರಿಗೆ. ಪೊಲೀಸ್ ದಾಖಲೆಯಲ್ಲಿ ಇವರು ಆರೋಪಿಗಳಾಗಿ ಕಾಣಿಸಿಕೊಳ್ಳುವುದಕ್ಕಿಂತ ಫಿರ್ಯಾದಿಗಳಾಗಿ ಕಾಣಿಸಿಕೊಳ್ಳುವುದು ಹೆಚ್ಚು ಕಷ್ಟ. ಹಾಗಾಗಿ ಕಾಮಗಾರಿ ಸ್ಥಳಗಳನ್ನು ಪ್ರತ್ಯೇಕ ಸ್ತರವಾಗಿ ಪಟ್ಟಿಮಾಡಿ ಅಲ್ಲಿಂದಲೂ ಮಾದರಿ ತೆಗೆಯಬೇಕು. ಪ್ರಶ್ನಾವಳಿ ಮರಾಠಿ, ಹಿಂದಿಗಳಲ್ಲಿ ಇರುವಂತೆ ಕನ್ನಡದಲ್ಲೂ, ಕೇಳುವವರು ಆ ಕಡೆಯ ಕನ್ನಡ ಬಲ್ಲವರೂ ಆಗಿರಬೇಕು. ಮತ್ತು ಕೇಳುವಾಗ ಕೂಲಿಗಳ ಮೇಸ್ತ್ರಿಯಾದ ಮುಕಾದಮನೂ ಸೈಟಿನ ಸೂಪರ್‌ವೈಸರನೂ ಹತ್ತಿರ ಇರಬಾರದು.